ಒಂದೇ ಗಿಡದ ಸಾವಿರ ಕಂಬಗಳು

ಕಳ್ಳಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹೊಲದ ಬೇಲಿ. ಮುರಿದರೆ ಹಾಲು ಸುರಿಸುವ ಆ ಬೇಲಿಗಿಡಗಳು ಯುಫೋರ್ಬಿಯ ಎಂಬ ಬೇರೆಯೇ ವರ್ಗಕ್ಕೆ ಸೇರಿದವು. ನಾವು ಇಲ್ಲಿ ವಿಚಾರ ಮಾಡಹೊರಟಿರುವುದು ಪಾಪಾಸುಕಳ್ಳಿಯ ಬಳಗವನ್ನು, ಎಂದರೆ ಕ್ಯಾಕ್ಟಸ್ ಕುಟುಂಬವನ್ನು ಕುರಿತು. ಅದರಲ್ಲಿಯೂ ಕಂಬದಂತೆ ನೆಟ್ಟಗೆ ಬೆಳೆದು ನಿಲ್ಲುವ ಕ್ಯಾಕ್ಟಸುಗಳನ್ನು ಕುರಿತು. ಒಂದೇ ಒಂದು ಜಾತಿಯನ್ನು ಬಿಟ್ಟರೆ ಈ ಕುಟುಂಬದ ಸಸ್ಯಗಳೆಲ್ಲವೂ ಮೂಲತಃ ಅಮೆರಿಕ ಖಂಡಗಳವು.

ಮೆಕ್ಸಿಕೋ ದೇಶದ ವಾಯವ್ಯದಲ್ಲಿ ಬಾಹಾ ಕ್ಯಾಲಿಫೋರ್ನಿಯ ಎಂಬ ಪರ್ಯಾಯದ್ವೀಪವು ಬಾಲದಂತೆ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅಲ್ಲಿಯ ಮರುಭೂಮಿಯಲ್ಲಿ ಸೆನೀಟ ಎಂಬ ಕಂಬದ ಕ್ಯಾಕ್ಟಸು ಬುಡದಿಂದಲೇ ಕವಲೊಡೆದು ಗುಂಪುಗುಂಪಾಗಿ ಬೆಳೆಯುತ್ತದೆ. ಅದರ ಕಾಂಡಕ್ಕೆ ಮೇಲಿನಿಂದ ಕೆಳಗಿನವರೆಗೆ ಏಣುಗಳುಂಟು. ಏಣಿನ ಮೇಲೆ ಸಾಲಾಗಿ ಮುಳ್ಳುಗಳುಂಟು. ಆದರೆ ಎಲ್ ಆರ್ಕೋ ಎಂಬ ಊರಿನ ಸಮೀಪದ ಒಂದು ಸಣ್ಣ ಪ್ರದೇಶದಲ್ಲಿ ಇದೇ ಸೆನೀಟವು ಬೇರೊಂದು ರೂಪದಿಂದ ನಿಂತಿರುವುದು ಕಂಡುಬಂದಿತು. ಅದಕ್ಕೆ ಏಣೂ ಇಲ್ಲ, ಮುಳ್ಳೂ ಇಲ್ಲವೆಂಬಷ್ಟು ಕಡಿಮೆ. ಉರಿದ ಮೇಣದ ಬತ್ತಿಯ ಮೈಮೇಲೆ ಕರಗಿದ ಮೇಣವು ಗಂಟುಗಂಟಾಗಿ ಹೆಪ್ಪುಗಟ್ಟಿದರೆ ಹೇಗೆ ಕಾಣುವುದೋ ಹಾಗೆ ಈ ಗಿಡದ ನುಣುಪಾದ ಹಸಿರು ಮೈ ಕಾಣುತ್ತದೆ. ಉತ್ತರ ಅಮೆರಿಕದ ಪಶ್ಚಿಮ ತೀರದ ಮೂಲನಿವಾಸಿಗಳು ಕೆತ್ತಿ ನಿಲ್ಲಿಸುವ ಟೋಟೆಂ ಕಂಬಗಳನ್ನು ಹೋಲುವುದರಿಂದ ಇದಕ್ಕೆ ‘ಟೋಟೆಂ ಕಂಬದ ಕ್ಯಾಕ್ಟಸು’ ಎಂದು ಹೆಸರಾಯಿತು. ಇಂದು ಲೋಕದ ನಾನಾ ದೇಶಗಳ ಸಂಗ್ರಾಹಕರ ಕುಂಡಗಳಲ್ಲಿ ಇದು ಬೆಳೆಯುತ್ತಿದೆ.

ಏಣುಗಳು ಇಲ್ಲದಿರುವುದು ಅಷ್ಟು ವಿಶೇಷವೆ ಎಂದು ವಾಚಕರು ಕೇಳಬಹುದು. ಇದನ್ನು ತಿಳಿಯಬೇಕಾದರೆ ಕಂಬದ ರೂಪದಿಂದ ಗಿಡಕ್ಕೆ ಏನು ಲಾಭವೆಂಬುದನ್ನು ಮೊದಲು ನೋಡಬೇಕು. ಗಿಡದಿಂದ ನೀರು ಆವಿಯಾಗಿ ಹೋಗುವುದು ಅದರ ಮೈಯ ಮೂಲಕ. ನೀರು ಸಂಗ್ರಹವಾಗಿರುವುದು ಅದರ ಒಡಲಿನಲ್ಲಿ. ಆದುದರಿಂದ ಮೈಯ ಕ್ಷೇತ್ರಫಲಕ್ಕೂ ಒಡಲಿನ ಘನಗಾತ್ರಕ್ಕೂ ಇರುವ ಪ್ರಮಾಣವು ಮರುಭೂಮಿಯ ಸಸ್ಯಕ್ಕೆ ಜೀವನ್ಮರಣದ ಪ್ರಶ್ನೆ. 0.2 ಮಿಲಿಮೀಟರು ದಪ್ಪದ ಒಂದು ತೆಳುವಾದ ಎಲೆಯಲ್ಲಿ, ಎರಡು ಮುಖಗಳನ್ನೂ ಲೆಕ್ಕಕ್ಕೆ ಹಿಡಿದರೆ, ಪ್ರತಿ ಘನ ಸೆಂಟಿಮೀಟರಿಗೆ 100 ಚದರ ಸೆಂಟಿಮೀಟರು ಮೈ ಇರುತ್ತದೆ. 5 ಸೆಂಟಿಮೀಟರು ತ್ರಿಜ್ಯದ ಕಂಬದಲ್ಲಾದರೋ ಇದು 0.4 ಚದರ ಸೆಂಟಿಮೀಟರು ಮಾತ್ರ. ಎಲೆಯನ್ನು ತೊರೆದು ಕಂಬವಾದುದರಿಂದ ಗಿಡವು ತನ್ನ ಮೈಯನ್ನು 250ರಲ್ಲಿ ಒಂದು ಪಾಲಿಗೆ ಇಳಿಸಿಕೊಂಡಂತಾಯಿತು. ಅದೂ ಅಲ್ಲದೆ, ನಡುಹಗಲಿನ ಉಗ್ರವಾದ ಬಿಸಿಲು ನೆಟ್ಟಗೆ ನಿಂತ ಕಂಬದ ಪಕ್ಕಗಳನ್ನು ಸವರಿಕೊಂಡು ಹೋಗುವುದೇ ಹೊರತು ಅವುಗಳ ಮೇಲೆ ನೇರವಾಗಿ ಬೀಳುವುದಿಲ್ಲ.

ಇನ್ನು ಏಣುಗಳ ಕೆಲಸ. 40 ಸೆಂಟಿಮೀಟರು ಉದ್ದದ ದಾರದ ತುದಿಗಳನ್ನು ಗಂಟುಹಾಕಿ ಮೇಜಿನ ಮೇಲೆ ಚೌಕವಾಗಿ ಹರಡಿದರೆ ಅದು 100 ಚದರ ಸೆಂಟಿಮೀಟರು ಜಾಗವನ್ನು ಸುತ್ತುವರಿಯುತ್ತದೆ. ವೃತ್ತವಾಗಿ ಹರಡಿದರೆ ಸುಮಾರು 127. ಅದೇ ದಾರವನ್ನು ಒಳಕ್ಕೂ ಹೊರಕ್ಕೂ ಮಡಿಕೆ ಮಾಡಿ ನಕ್ಷತ್ರದಂತೆ ಇಟ್ಟರೆ ಒಳಗಿನ ಜಾಗ ತೀರ ಕಡಿಮೆಯಾಗುತ್ತದೆ. ಆದರೆ ದಾರದ ಉದ್ದ ಮೂರು ಸಂದರ್ಭಗಳಲ್ಲಿಯೂ ಒಂದೇ. ಕ್ಯಾಕ್ಟಸಿನ ಸಿಪ್ಪೆಯೂ ಹೀಗೆಯೇ. ಬರಗಾಲದಲ್ಲಿ ಹಾರ್ಮೋನಿಯಮ್ಮಿನ ತಿದಿಯಂತೆ ಏಣುಗಳು ಮಡಿಚಿಕೊಳ್ಳುತ್ತವೆ. ಮಳೆ ಬಂದಾಗ ಬಿಚ್ಚಿಕೊಂಡು ಕಂಬವು ಉಬ್ಬುತ್ತದೆ. ಸಿಪ್ಪೆ ಹಿಗ್ಗಿ ಹರಿಯಬೇಕಾದ ಪ್ರಮೇಯವೇ ಇಲ್ಲ. ಇಷ್ಟೊಂದು ಉಪಯುಕ್ತವಾದ ಅಂಗವನ್ನು ಕಳೆದುಕೊಂಡೂ ಟೋಟೆಂ ಕಂಬವು ಮರುಭೂಮಿಯಲ್ಲಿ ಬದುಕಿ ನಿಂತಿರುವುದು ನನಗಂತೂ ಆಶ್ಚರ್ಯವೆನಿಸುತ್ತದೆ.

ಈ ಗಿಡಗಳು ಉಸಿರಾಡುವ ಕ್ರಮವೂ ವಿಚಿತ್ರವೇ. ಹಗಲಿನಲ್ಲಿ ಮೈಯ ರಂಧ್ರಗಳನ್ನು ತೆರೆದರೆ ನೀರು ನಷ್ಟವಾಗುವುದೆಂದು ಕ್ಯಾಕ್ಟಸುಗಳು ರಾತ್ರಿಯಲ್ಲಿ ಅವನ್ನು ತೆರೆದು, ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು, ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತವೆ. ಹಗಲಿನಲ್ಲಿ ಬಾಗಿಲು ಮುಚ್ಚಿ ಅದರಿಂದ ಸಕ್ಕರೆಯನ್ನು ತಯಾರಿಸುತ್ತವೆ. ಈ ಕ್ರಿಯೆಯ ಮೊದಲ ಸುಳಿವುಗಳಲ್ಲಿ ಒಂದು ದೊರೆತುದು ನಮ್ಮ ದೇಶದಲ್ಲಿ. ಕೆಲಕಾಲ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆ ನಡೆಸಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯವಿಜ್ಞಾನಿಯು, ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿದ್ದು ಮಧ್ಯಾಹ್ನದ ವೇಳೆಗೆ ರುಚಿಯಿಲ್ಲದಂತಾಗುವುದನ್ನು ಅಗಿದು ನೋಡಿ ಕಂಡುಕೊಂಡು, 1813ರಲ್ಲಿ ಆ ಸಂಗತಿಯನ್ನು ಪತ್ರಮುಖೇನ ತಿಳಿಸಿದನು. ಪ್ರಯೋಗಶಾಲೆಯೆಂದರೆ ಅವನ ನಾಲಗೆಯೇ!

ಈಗ ನಮ್ಮ ಟೋಟೆಂ ಕಂಬಕ್ಕೆ ಹಿಂತಿರುಗೋಣ. ಕ್ಯಾಕ್ಟಸಿನ ಕಂಬವು ಬೆಳೆಯುವುದು ನೆತ್ತಿಯಲ್ಲಿರುವ ಅತಿ ಸಣ್ಣದೊಂದು ಬೆಳವಣಿಗೆಯ ಬಿಂದುವಿನಿಂದ. ಅಲ್ಲಿಯ ಕೋಶಗಳು ಒಡೆದು ಎರಡಾಗಿ, ಎರಡು ನಾಲ್ಕಾಗಿ ಇಡೀ ಕಂಬವನ್ನು ಕಟ್ಟುತ್ತವೆ. ಆ ಕೋಶಗಳ ಆನುವಂಶಿಕ ಬರಹದಲ್ಲಿ ಎಲ್ಲಿಯೋ ಒಂದು ಅಕ್ಷರ ತಪ್ಪಿದರೆ, ಅವುಗಳಿಂದ ಹುಟ್ಟಿದ ಭಾಗವೆಲ್ಲವೂ ತಪ್ಪಿದ ರೂಪವನ್ನೇ ತಾಳಬಹುದು. ಏಣಿನ ಕ್ರಮ ಕೆಟ್ಟು ಗಂಟುಗಂಟಾದರೆ ಅದು ವಿಕಟರೂಪ. ಬೆಳವಣಿಗೆಯ ಬಿಂದುವು ಬಿಂದುವಾಗಿ ಉಳಿಯದೆ ಗೆರೆಯಾಗಿ ಹರಡಿಕೊಂಡರೆ ಕಂಬವು ಕೋಳಿಯ ಜುಟ್ಟಿನಂತೆ, ಬೀಸಣಿಗೆಯಂತೆ ಅಗಲವಾಗುತ್ತದೆ, ಅದು ಶಿಖಾರೂಪ. ಎಲ್ಲ ಶಿಖಾರೂಪಗಳಿಗೂ ಆನುವಂಶಿಕ ಬದಲಾವಣೆಯೇ ಕಾರಣವೆನ್ನಲಾಗದು. ನೆತ್ತಿಗೆ ಬಿದ್ದ ಪೆಟ್ಟೂ ಕಾರಣವಾಗಬಹುದು. ಮೆಕ್ಸಿಕೋದ ಮಿರ್ಟಿಲೊಕ್ಯಾಕ್ಟಸ್ ಎಂಬ ಕಂಬದ ಉಬ್ಬುಬ್ಬಾದ ವಿಕಟರೂಪವೊಂದನ್ನು ಜಪಾನಿನ ತೋಟಗಾರರು ಬೆಳಸಿ ‘ಫುಕುರೊಕು ರ್ಯುಜಿನ್‌ಬೊಕು’ ಎಂದು ಹೆಸರಿಟ್ಟಿದ್ದಾರೆ. ಹೆಸರನ್ನು ಉಚ್ಚರಿಸುವುದೇ ಒಂದು ಸಾಧನೆ. ಹೀಗೆ ಮನುಷ್ಯನು ಆರಿಸಿ, ಹೆಸರಿಟ್ಟು, ರೂಪ ಕೆಡದಂತೆ ಉಳಿಸಿಕೊಂಡು ಬಂದ ತಳಿಗಳ ನಾಮಕರಣಕ್ಕಾಗಿಯೇ 1953ರಿಂದ ಅಂತರರಾಷ್ಟ್ರೀಯ ನಿಯಮಾವಳಿಯೊಂದು ಜಾರಿಯಲ್ಲಿದೆ.

ಟೋಟೆಂ ಕಂಬವು ಹೂಬಿಡುವುದು ಬಲು ಅಪರೂಪ, ಬೀಜದಿಂದ ವೃದ್ಧಿಯಾಗುವುದಿಲ್ಲ. ಸಾಮಾನ್ಯ ಸೆನೀಟವಾದರೋ ರಾತ್ರಿಯಲ್ಲಿ ಅರಳಿ, ತನಗಾಗಿಯೇ ಇರುವ ಒಂದು ಸಣ್ಣ ಪತಂಗದಿಂದ ಪರಾಗಸ್ಪರ್ಶ ಮಾಡಿಸಿಕೊಳ್ಳುತ್ತದೆ. ಟೋಟೆಂ ಕಂಬಕ್ಕೆ ಆ ಭಾಗ್ಯವಿಲ್ಲ. ಮುರಿದು ಬಿದ್ದ ತುಂಡು ಬೇರುಬಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಆದುದರಿಂದ ತುಂಡಿನಿಂದ ತುಂಡಾಗಿ ಬಂದ ಗಿಡಗಳು ಸಾವಿರವಿದ್ದರೂ ಅವು ತಾಯಿ ಮಕ್ಕಳಲ್ಲ. ಬೇರೆ ಬೇರೆ ಬೇರುಗಳ ಮೇಲೆ ನಿಂತ ಒಂದೇ ಗಿಡ. ಒಂದನ್ನು ಕೊಲ್ಲುವ ರೋಗವು ಎಲ್ಲವನ್ನೂ ಕೊಲ್ಲಬಲ್ಲುದು.

ತುಂಡಿನಿಂದ ಬೆಳಸುವ ಕ್ರಮ ಕಷ್ಟವಾದುದೇನಲ್ಲ; ತಾಳ್ಮೆ ಬೇಕು, ಅಷ್ಟೆ. ಶುಚಿಯಾದ ಹರಿತವಾದ ಚಾಕುವಿನಿಂದ ಒಂದು ಗೇಣು ಉದ್ದದ ತುಂಡನ್ನು ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ವಾರ ಒಣಗಲು ಬಿಡಬೇಕು. ಕತ್ತರಿಸಿದ ಮುಖದ ಮೇಲೆ ಬೆಂಡಿನಂತಹ ಪದರವು ಕಟ್ಟಿಕೊಂಡು ಬೂಷ್ಟಿಗೆ ದಾರಿ ಮುಚ್ಚುತ್ತದೆ. ಕಂಬ ದಪ್ಪವಾದಷ್ಟೂ ಹೆಚ್ಚು ದಿನ ಕಾಯಬೇಕು. ಅನಂತರ ಅರ್ಧಕ್ಕಿಂತ ಹೆಚ್ಚು ಭಾಗ ದಪ್ಪ ಮರಳೂ ಇಟ್ಟಿಗೆಯ ಚೂರೂ ಇರುವ ಮಣ್ಣಿನಲ್ಲಿ ನಿಲ್ಲಿಸಿ, ಬೇರು ಮೂಡುವವರೆಗೆ ನೀರು ಕೊಡದಿರಬೇಕು. ಇತ್ತ ತಾಯಿಗಿಡವೂ ಸುಮ್ಮನಿರುವುದಿಲ್ಲ. ನೆತ್ತಿಯ ಬಿಂದುವಿನ ಅಂಕೆ ತಪ್ಪಿದೊಡನೆ ಕತ್ತರಿಸಿದ ಭಾಗದ ಕೆಳಗೆ ಹೊಸ ಮೊಳಕೆಗಳು ಏಳುತ್ತವೆ. ಬೆಳಕು ಕಡಿಮೆಯಾದರೆ ಹೊಸ ಬೆಳವಣಿಗೆ ಸಪುರವಾಗಿ ಕಂಬಕ್ಕೆ ಕೊರಳು ಮೂಡುತ್ತದೆ. ಮುಂದೆ ಎಷ್ಟು ಬಿಸಿಲು ಕೊಟ್ಟರೂ ಆ ಕೊರಳು ಮೊದಲಿನ ದಪ್ಪಕ್ಕೆ ಬರುವುದಿಲ್ಲ. ದುಂಡನೆಯ ಕಂಬವು ಬಾಗಿಸುವ ಬಲವನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣವಾದುದು. ಕೊರಳಿನ ವ್ಯಾಸ ಅರ್ಧವಾದರೆ ಅಲ್ಲಿಯ ಬಲ ಎಂಟರಲ್ಲಿ ಒಂದು ಪಾಲು. ಗಾಳಿಗೆ ಕಂಬ ಮುರಿಯುವುದು ಅಲ್ಲಿಯೇ.

ಸಂಗ್ರಹಿಸುವ ಹವ್ಯಾಸಕ್ಕೆ ಇನ್ನೊಂದು ಮುಖವೂ ಉಂಟು. 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಕ್ಯಾಕ್ಟಸ್ ಜಾತಿಗಳಲ್ಲಿ ನೂರಕ್ಕೆ 31 ವಿನಾಶದ ಅಂಚಿನತ್ತ ಸಾಗಿವೆ; ಕಾಡಿನಿಂದ ಕಿತ್ತು ಮಾರುವುದು ಅದರ ಮುಖ್ಯ ಕಾರಣಗಳಲ್ಲೊಂದು. 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದವು ಈ ಕುಟುಂಬದ ಬಹುತೇಕ ಎಲ್ಲ ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ವಿಧಿಸಿದೆ. ಅರಿಜೋನದ ಸಗ್ವಾರೋ ರಾಷ್ಟ್ರೀಯ ಉದ್ಯಾನದಲ್ಲಿ ಕಳ್ಳರ ಭಯದಿಂದ ಅನೇಕ ಕಂಬಗಳ ಒಡಲಿನಲ್ಲಿ ಗುರುತಿನ ಎಲೆಕ್ಟ್ರಾನಿಕ್ ಚೂರುಗಳನ್ನು ಹುದುಗಿಸಿದ್ದಾರೆ. ಕಾಡಿನ ಕಂಬವನ್ನು ಕಿತ್ತರೆ ಅಲ್ಲಿ ಒಂದು ಕಡಿಮೆಯಾಯಿತು. ತೋಟದ ಕಂಬವನ್ನು ಕತ್ತರಿಸಿದರೆ ಎರಡಾಯಿತು. ಕೊಳ್ಳುವವರು ಗಿಡವು ಯಾವ ತೋಟದ ಯಾವ ತಾಯಿಯಿಂದ ಬಂದುದೆಂದು ಕೇಳಿ, ಕುಂಡದ ಚೀಟಿಯ ಮೇಲೆ ತಾರೀಖಿನೊಡನೆ ಬರೆದಿಡುವುದು ಒಳ್ಳೆಯದು.

ನನ್ನ ಟೋಟೆಂ ಕಂಬವು ಸ್ನೇಹಿತರೊಬ್ಬರು ಕೊಟ್ಟ ತುಂಡಿನಿಂದ ಬಂದುದು. ಅದು ಮೊಳದುದ್ದವಾದಾಗ ವಿದ್ಯಾರ್ಥಿಯೊಬ್ಬನು ಬೇಡಿದನೆಂದು, ಒಲ್ಲದ ಮನಸ್ಸಿನಿಂದಲೇ, ನೆತ್ತಿಯನ್ನು ಕತ್ತರಿಸಿ ಕೊಟ್ಟೆ. ಮರುವರ್ಷದ ಆಷಾಢದಲ್ಲಿ ಮಳೆ ಹಿಡಿಯಿತು. ಕುಂಡವನ್ನು ಮಾಡಿನ ಕೆಳಕ್ಕೆ ಎಳೆದಿಡಬೇಕೆಂದು ಪ್ರತಿ ರಾತ್ರಿಯೂ ಅಂದುಕೊಂಡು ಪ್ರತಿ ರಾತ್ರಿಯೂ ಮಲಗಿಬಿಟ್ಟೆ. ಹತ್ತನೆಯ ದಿನ ಮುಟ್ಟಿ ನೋಡಿದಾಗ ಬುಡವು ಕೊಳೆತ ಬಾಳೆಯ ಹಣ್ಣಿನಂತಾಗಿತ್ತು. ಮೇಲೆ ಮೇಲೆ ಕತ್ತರಿಸುತ್ತ ಹೋದರೂ ನಡುವಿನ ಕಂದುಬಣ್ಣ ಮುಗಿಯಲಿಲ್ಲ. ನನ್ನ ಸ್ನೇಹಿತರ ಗಿಡವು ಅದಕ್ಕೂ ಮೊದಲೇ ಹೋಗಿತ್ತು. ವಿದ್ಯಾರ್ಥಿಯ ಮನೆಯ ಮಹಡಿಯ ಮೇಲಿನ ಕಂಬ ಮಾತ್ರ ಎದೆಯೆತ್ತರಕ್ಕೆ ಬೆಳೆದಿತ್ತು. “ಸಾರ್, ಎಷ್ಟು ಉದ್ದ ಕತ್ತರಿಸಲಿ?” ಎಂದು ಅವನೇ ಕೇಳಿದ. ಈಗ ನನ್ನ ಕಿಟಕಿಯ ಬಳಿ ಇರುವುದು ಆ ತುಂಡು. ಬೇರು ಬಂದಿದೆಯೋ ಇಲ್ಲವೋ ಎಂದು ನಿನ್ನೆ ಮೆಲ್ಲಗೆ ಅಲುಗಿಸಿ ನೋಡಿದೆ, ಸ್ವಲ್ಪ ಬಿಗಿಯಾಗಿದೆ.