ನಿಂತು ಸವೆದ ಕ್ಲಚ್

‘ಇದು ಓಡಿ ಸವೆದದ್ದಲ್ಲ ಸಾರ್, ನಿಂತು ಸವೆದದ್ದು’ ಎನ್ನುತ್ತ ಮೆಕ್ಯಾನಿಕ್ ಕಳಚಿದ ಕ್ಲಚ್ ಪ್ಲೇಟನ್ನು ನನ್ನ ಕೈಗಿಟ್ಟ. ಲೈನಿಂಗ್ ತೇದು ರಿವೆಟ್ಟಿನ ತಲೆಗಳು ಮೇಲಕ್ಕೆ ಬಂದಿದ್ದವು. ಫ್ಲೈವೀಲಿನ ಮೇಲೆ ಸುಟ್ಟ ನೀಲಿ ಕಲೆಗಳು. ಕಾರು ಓಡಿದ್ದು 31,000 ಕಿಲೋಮೀಟರ್ ಅಷ್ಟೆ. ಅದೇ ಮಾಡೆಲಿನ ಬಾಡಿಗೆ ಕಾರೊಂದು ಲಕ್ಷ ದಾಟಿಯೂ ಮೊದಲ ಪ್ಲೇಟಿನಲ್ಲೇ ಓಡುತ್ತಿದೆ ಎಂದು ಆತ ಹೇಳಿದ ಮೇಲೆ, ಕಂಪನಿಯನ್ನು ಬೈಯಲು ಹೊರಟಿದ್ದ ನಾನು ಸುಮ್ಮನಾದೆ.

ನನ್ನ ಮನೆ ಬಿಣಗಾದಲ್ಲಿ, ಕೆಲಸ ಕಾರವಾರದಲ್ಲಿ. ನಡುವೆ ಒಂದು ಗುಡ್ಡ. ಈಗ ಹೆದ್ದಾರಿ 66ರ ಸುರಂಗದಲ್ಲಿ ಸರ್ರನೆ ದಾಟುವವರಿಗೆ ಹಳೆಯ ದಾರಿಯ ಪಾಡು ಮರೆತಿರಬಹುದು. ಚತುಷ್ಪಥಕ್ಕಾಗಿ ಗುಡ್ಡ ಕಡಿಯುತ್ತಿದ್ದ ವರ್ಷಗಳಲ್ಲಿ ಏರಿನ ಮೇಲೇ ವಾಹನಗಳು ಸಾಲುಗಟ್ಟುತ್ತಿದ್ದವು. ಮುಂದೆ ಲೋಡು ಲಾರಿ, ಹಿಂದೆ ಅರಗಾದ ನೌಕಾನೆಲೆ ಕಡೆಯಿಂದ ಬರುವ ಬೈಕುಗಳು. ಅಂಥಲ್ಲಿ ನಾನು ಬ್ರೇಕ್ ಮುಟ್ಟುತ್ತಿರಲಿಲ್ಲ. ಅರ್ಧ ಕ್ಲಚ್, ಚೂರು ಎಕ್ಸಲರೇಟರ್. ಕಾರು ಹಿಂದಕ್ಕೂ ಜಾರದು, ಮುಂದಕ್ಕೂ ಹೋಗದು, ತಕ್ಕಡಿಯ ಮುಳ್ಳಿನ ಹಾಗೆ ನಿಂತಿರುತ್ತಿತ್ತು. ಪಕ್ಕದಲ್ಲಿ ಕೂತವರು ಒಮ್ಮೆ ಹೊಗಳಿದ್ದೂ ಉಂಟು. ಆ ಹೊಗಳಿಕೆಯೇ ದುಬಾರಿಯಾಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಕಾರು ನಿಂತಿದೆ, ಅಂದರೆ ಪ್ಲೇಟೂ ನಿಂತಿದೆ. ಫ್ಲೈವೀಲ್ ಸೆಕೆಂಡಿಗೆ 25 ಸಲ ಅದನ್ನು ಉಜ್ಜುತ್ತದೆ. ಎರಡು ನಿಮಿಷ ಹಾಗೇ ನಿಂತರೆ ಮೂರು ಸಾವಿರ ಸುತ್ತು. ಸಮತಟ್ಟಾದ ರಸ್ತೆಯಲ್ಲಿ ಎರಡು ಸೆಕೆಂಡಿನಲ್ಲಿ ಕ್ಲಚ್ ಬಿಟ್ಟು ಹೊರಟರೆ ಉಜ್ಜುವುದು ಹೆಚ್ಚೆಂದರೆ ಐವತ್ತು. ಕ್ಲಚ್ ಪೂರ್ತಿ ಬಿಟ್ಟು ಓಡುವಾಗ ಎರಡೂ ಕೂಡಿಯೇ ತಿರುಗುತ್ತವೆ, ಸವೆತ ಇಲ್ಲವೆಂದೇ ಹೇಳಬೇಕು. ಬಾಡಿಗೆ ಕಾರಿನ ಪ್ಲೇಟು ಬಾಳಿದ ಗುಟ್ಟು ಇಷ್ಟೇ.

ಇನ್ನೊಂದು ಚಟ ಸ್ಕೂಟರಿನಿಂದ ಬಂದದ್ದು. ಚೇತಕ್ ಓಡಿಸುವಾಗ ಎರಡು ಬೆರಳು ಸದಾ ಕ್ಲಚ್ಚಿನ ಮೇಲೆ ಇರುತ್ತಿದ್ದವು. ಕಾರಿನಲ್ಲಿ ಆ ಕೆಲಸ ಎಡಗಾಲಿಗೆ ಬಂತು. ಒತ್ತಿಲ್ಲ, ಸುಮ್ಮನೆ ಇಟ್ಟಿದ್ದೇನೆ ಎಂದು ನನ್ನ ನಂಬಿಕೆ. ಆದರೆ ಪಾದದ ಆ ಭಾರಕ್ಕೇ ಪ್ಲೇಟಿನ ಹಿಡಿತ ಸಡಿಲುತ್ತದೆ, ರಿಲೀಸ್ ಬೇರಿಂಗ್ ಬಿಡುವಿಲ್ಲದೆ ತಿರುಗುತ್ತದೆ. ದಪ್ಪ ಅಟ್ಟೆಯ ಚಪ್ಪಲಿ ಹಾಕಿದ್ದರಂತೂ ಕಾಲು ಎಲ್ಲಿದೆಯೆಂದೇ ತಿಳಿಯದು.

ಕಾರು ನನ್ನನ್ನು ಮೊದಲೇ ಎಚ್ಚರಿಸಿತ್ತು. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವಾಗ ಅರಬೈಲ್ ಘಟ್ಟದಲ್ಲಿ ಎಕ್ಸಲರೇಟರ್ ಒತ್ತಿದರೆ ಇಂಜಿನ್ ಕಿರುಚುತ್ತಿತ್ತು, ವೇಗ ಮಾತ್ರ ಏರಲಿಲ್ಲ. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಇಳಿದು ಬರುತ್ತಿರುವ ಲಾರಿಗಳ ಬ್ರೇಕಿನದು ಎಂದು ಗಾಜು ಏರಿಸಿದೆ. ಘಟ್ಟದಲ್ಲಿ ಎಲ್ಲ ದುರ್ವಾಸನೆಯೂ ಲಾರಿಯವರದೇ! ಗಾಜು ಏರಿಸಿದ ಮೇಲೂ ವಾಸನೆ ಹೋಗಲಿಲ್ಲ. ಪೆಡಲ್ಲನ್ನು ಬಹುಪಾಲು ಮೇಲಕ್ಕೆ ಬಿಟ್ಟ ಮೇಲಷ್ಟೇ ಕಾರು ಕದಲುತ್ತಿದ್ದುದನ್ನೂ ನಾನು ಲೆಕ್ಕಕ್ಕಿಟ್ಟಿರಲಿಲ್ಲ.

ಮೆಕ್ಯಾನಿಕ್ ಒಂದು ಪರೀಕ್ಷೆ ಹೇಳಿಕೊಟ್ಟ. ಸಮತಟ್ಟಾದ, ಮುಂದೆ ಯಾರೂ ಇಲ್ಲದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರಿಗೆ ಹಾಕಿ, ನಿಧಾನವಾಗಿ ಕ್ಲಚ್ ಬಿಡಬೇಕು. ಇಂಜಿನ್ ಗಕ್ಕೆಂದು ನಿಂತರೆ ಪ್ಲೇಟಿಗೆ ಹಿಡಿತವಿದೆ. ನಿಲ್ಲದೆ ಗುರುಗುಟ್ಟುತ್ತಿದ್ದರೆ ಗ್ಯಾರೇಜಿಗೆ ಹೋಗುವ ಕಾಲ ಬಂದಿದೆ. ದಿನಾ ಮಾಡಿ ನೋಡುವ ಆಟ ಇದಲ್ಲ.

ಹೊಸ ಕ್ಲಚ್ ಸೆಟ್ ಬಿದ್ದ ಮೇಲೆ ಏರಿನಲ್ಲಿ ನಿಂತ ಕೂಡಲೇ ಹ್ಯಾಂಡ್ ಬ್ರೇಕ್, ನ್ಯೂಟ್ರಲ್, ಕಾಲು ನೆಲಕ್ಕೆ. ಹೊರಡುವಾಗ ಮೊದಲ ಗೇರ್ ಹಾಕಿ ಕ್ಲಚ್ ಬಿಡುತ್ತ ಬಂದು, ಇಂಜಿನ್ನಿನ ದನಿ ತಗ್ಗಿ ಕಾರಿನ ಮೂತಿ ತುಸು ಎದ್ದಾಗ ಹ್ಯಾಂಡ್ ಬ್ರೇಕ್ ಇಳಿಸುತ್ತೇನೆ. ಲಾರಿಯ ಬಾಲ ಹಿಡಿದು ಅಂಗುಲ ಅಂಗುಲ ತೆವಳುವುದಿಲ್ಲ. ಎರಡು ಕಾರಿನಷ್ಟು ಜಾಗ ತೆರವಾದ ಮೇಲೆ ಒಂದೇ ಸಲ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ರಿಪೇರಿಯ ಬಿಲ್ಲು ಅವರು ಕಟ್ಟುವುದಿಲ್ಲ.

ಆ ಕಾರನ್ನು ಮಾರಿದಾಗ ಮೀಟರು 96,000 ದಾಟಿತ್ತು. ಒಳಗಿದ್ದದ್ದು ಅದೇ ಎರಡನೇ ಪ್ಲೇಟು.