ಅದಿರು, ಭತ್ತ ಮತ್ತು ಬೀಜಿಂಗ್: ಚೀನಾ ರಾಜಕೀಯ ಓದಲು ಹೊರಟವರಿಗೆ

ಚೀನಾ ರಾಜಕೀಯ ಓದಬೇಕೆಂದು ಹೊರಟವರು ಸಾಮಾನ್ಯವಾಗಿ ಗಡಿ ತಂಟೆಯಿಂದ ಶುರು ಮಾಡುತ್ತಾರೆ. ಟಿ.ವಿ. ಚರ್ಚೆ ಅಲ್ಲಿಂದ ಮುಂದೆ ಹೋಗುವುದಿಲ್ಲ; ಹಾಗೆ ಶುರುವಾದ ಓದೂ ಅಲ್ಲೇ ಕೂತುಬಿಡುತ್ತದೆ. ಕೆಂಚನಗುಡ್ಡ, ಸಿರುಗುಪ್ಪ, ಕುರುಗೋಡು ಕಡೆಯ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ದಾರಿಗಳಿವೆ.

ಹಂತ 1: ಊರ ಪಕ್ಕದ ಪ್ರಶ್ನೆ ಹಿಡಿಯಿರಿ

2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. 2000ದಲ್ಲಿ ಸುಮಾರು 13 ಕೋಟಿ ಟನ್ ಇದ್ದ ಅದರ ಉಕ್ಕು ಉತ್ಪಾದನೆ 2008ರ ಹೊತ್ತಿಗೆ 50 ಕೋಟಿ ದಾಟಿತ್ತು. ಆ ಕುಲುಮೆಗಳಿಗೆಂದೇ ಸಂಡೂರು, ಹೊಸಪೇಟೆ, ಬಳ್ಳಾರಿ ಗುಡ್ಡಗಳ ಅದಿರು ಲಾರಿ ಹತ್ತಿ ಬೇಲೆಕೇರಿಯಂಥ ಬಂದರುಗಳಿಗೆ ಹೋಯಿತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು.

ನಮ್ಮ ಕಡೆಯ ಕಥೆ ಎಲ್ಲರಿಗೂ ಬಾಯಿಪಾಠ. ಆದರೆ ಅಷ್ಟು ಉಕ್ಕು ಬೇಕೆಂದು ಅಲ್ಲಿ ತೀರ್ಮಾನಿಸಿದವರು ಯಾರು? ‘2008ರ ಬೀಜಿಂಗ್ ಒಲಿಂಪಿಕ್ಸ್‌ಗೆ’ ಎನ್ನುವುದು ನಮ್ಮಲ್ಲಿ ರೂಢಿಯಾದ ಉತ್ತರ. ಆಟ ಮುಗಿದ ಮೇಲೂ ಉತ್ಪಾದನೆ ಏರಿ 2020ರಲ್ಲಿ 100 ಕೋಟಿ ಟನ್ ದಾಟಿದ್ದನ್ನು ಆ ಉತ್ತರ ವಿವರಿಸುವುದಿಲ್ಲ.

ಹಂತ 2: ಯಾರ ಮೇಲೆ ಯಾರು, ಬರೆದಿಟ್ಟುಕೊಳ್ಳಿ

ಐದು ವರ್ಷಕ್ಕೊಮ್ಮೆ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನ. 2022ರಲ್ಲಿ 20ನೆಯದು ನಡೆಯಿತು: ಕೇಂದ್ರ ಸಮಿತಿಗೆ 205 ಪೂರ್ಣ ಸದಸ್ಯರು, ಪಾಲಿಟ್ ಬ್ಯೂರೊಗೆ 24, ಅದರ ಸ್ಥಾಯಿ ಸಮಿತಿಗೆ 7 ಜನ. ಸಂಸತ್ತು ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಸೇರುತ್ತದೆ. ದೊಡ್ಡ ತೀರ್ಮಾನಗಳು ಅದಕ್ಕೂ ಮೊದಲೇ ಪಕ್ಷದಲ್ಲಿ ಆಗಿರುತ್ತವೆ. ಪ್ರಾಂತ್ಯಕ್ಕೆ ಗವರ್ನರ್ ಇರುತ್ತಾರೆ, ಅವರಿಗಿಂತ ಮೇಲೆ ಅದೇ ಪ್ರಾಂತ್ಯದ ಪಕ್ಷ ಕಾರ್ಯದರ್ಶಿ. ಈ ಜೋಡಿ ವ್ಯವಸ್ಥೆ ತಲೆಗೆ ಹತ್ತದೆ ಮುಂದಿನ ಓದು ಸಾಗದು.

ಹಂತ 3: ಕೇಂದ್ರದ ಮಾತನ್ನೂ ಊರಿನ ನಡೆಯನ್ನೂ ಪಕ್ಕಪಕ್ಕ ಇಡಿ

ನನ್ನ ಮಟ್ಟಿಗೆ ಇದೇ ಮುಖ್ಯ ಹಂತ. ‘ಚೀನಾ ಹೀಗೆ ಮಾಡಿತು’ ಎಂದು ಬರೆದ ಕಡೆಯೆಲ್ಲ ಪೆನ್ನು ನಿಲ್ಲಿಸಿ, ಯಾವ ಚೀನಾ ಎಂದು ಕೇಳಿಕೊಳ್ಳಿ. 2004ರಲ್ಲಿ ಬೀಜಿಂಗ್ ಉಕ್ಕಿನ ಹೂಡಿಕೆಗೆ ಕಡಿವಾಣ ಹಾಕಲು ನೋಡುತ್ತಿತ್ತು. ಅದೇ ಹೊತ್ತಿಗೆ ಜಿಯಾಂಗ್ಸು ಪ್ರಾಂತ್ಯದ ಚಾಂಗ್‌ಝೌನಲ್ಲಿ ತಿಯೆಬೆನ್ ಎಂಬ ಖಾಸಗಿ ಉಕ್ಕು ಕಾರ್ಖಾನೆ ಏಳುತ್ತಿತ್ತು. ಮೇಲಿನ ಒಪ್ಪಿಗೆ ಬೇಕಾದ ದೊಡ್ಡ ಯೋಜನೆಯನ್ನು ಸಣ್ಣ ಸಣ್ಣ ತುಂಡು ಮಾಡಿ ಸ್ಥಳೀಯ ಅಧಿಕಾರಿಗಳೇ ಮಂಜೂರು ಮಾಡಿಬಿಟ್ಟಿದ್ದರು. ಕೇಂದ್ರ ಕೆಲಸ ನಿಲ್ಲಿಸಿತು, ಮಾಲೀಕನ ಬಂಧನವಾಯಿತು. ಅಧಿಕಾರಿಗಳು ಹಾಗೇಕೆ ಮಾಡಿದರು? ಊರಿನ ಉತ್ಪಾದನೆ ಏರಿದರೆ ತೆರಿಗೆ ಬರುತ್ತದೆ, ಬಡ್ತಿಯ ದಾರಿಯೂ ಸಲೀಸು. ಬಳ್ಳಾರಿಯ ಗಣಿ ಪರವಾನಗಿಗಳ ಕಥೆ ಗೊತ್ತಿರುವವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಹಂತ 4: ಒಂದೇ ಕಡತ, ಹಲವು ವರ್ಷ

2004ರಿಂದ ಪ್ರತಿ ವರ್ಷ ಚೀನಾ ಕೇಂದ್ರ ಹೊರಡಿಸುವ ಮೊದಲ ನೀತಿ ಪತ್ರ, ಅಂದರೆ ‘1ನೇ ಸಂಖ್ಯೆಯ ದಾಖಲೆ’, ಗ್ರಾಮ, ಕೃಷಿ, ರೈತರ ಕುರಿತದ್ದೇ. ಭತ್ತಕ್ಕೆ ಕನಿಷ್ಠ ಖರೀದಿ ಬೆಲೆ ಅಲ್ಲಿ ಜಾರಿಗೆ ಬಂದದ್ದೂ 2004ರಲ್ಲೇ. ತುಂಗಭದ್ರೆಯ ದಂಡೆಯ ಗದ್ದೆಗಳ ನಡುವೆ ಬೆಂಬಲ ಬೆಲೆಯ ಮಾತು ಕೇಳಿಯೇ ಬೆಳೆದವರು ಈ ದಾಖಲೆಯನ್ನು ದೆಹಲಿಯ ಪಂಡಿತರಿಗಿಂತ ಚೆನ್ನಾಗಿ ಓದಬಲ್ಲರು. ಮೂರ್ನಾಲ್ಕು ವರ್ಷದ ಪ್ರತಿ ಪಕ್ಕಪಕ್ಕ ಇಟ್ಟು, ಯಾವ ಮಾತು ಹೊಸದಾಗಿ ಬಂತು, ಯಾವುದು ಸದ್ದಿಲ್ಲದೆ ಬಿದ್ದುಹೋಯಿತು ಎಂದು ಗುರುತು ಹಾಕಿ.

ಹಂತ 5: ಎಲ್ಲಿ ಸೇರುವುದು?

ಪದವಿಗೆ ದೂರ ಹೋಗಬೇಕಿಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಜೊತೆ ಅರ್ಥಶಾಸ್ತ್ರ ತೆಗೆದುಕೊಳ್ಳಿ. ಎಂ.ಎ.ಗೆ ದೆಹಲಿ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ಅಧ್ಯಯನ ವಿಭಾಗ, ಸಂಶೋಧನೆಗೆ ಜೆಎನ್‌ಯು ಇವೆ. ಭಾಷೆಯೇ ಮುಖ್ಯವೆನಿಸಿದರೆ ಶಾಂತಿನಿಕೇತನದಲ್ಲಿ 1937ರಲ್ಲಿ ಶುರುವಾದ ಚೀನಾ ಭವನ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯಲ್ಲೂ ಚೀನಾ ಅಧ್ಯಯನ ನಡೆಯುತ್ತದೆ.

ಪ್ರಬಂಧದ ವಿಷಯ ಕೇಳಿದಾಗ ‘ಭಾರತ–ಚೀನಾ ಸಂಬಂಧ’ ಎಂದು ಮಾತ್ರ ಹೇಳಬೇಡಿ. ಅದು ಯಾವ ಮಾರ್ಗದರ್ಶಕರ ಕೈಗೂ ಸಿಗದಷ್ಟು ಅಗಲ. ಒಂದು ಪ್ರಾಂತ್ಯ, ಒಂದು ನೀತಿ, ಹತ್ತು ವರ್ಷ ಸಾಕು. ಚೀನೀ ಭಾಷೆಯನ್ನು ಮಾತ್ರ ಎಂ.ಎ.ವರೆಗೆ ಮುಂದೂಡಬೇಡಿ. ಎಲ್ಲ ದಾಖಲೆಗೂ ಇಂಗ್ಲಿಷ್ ಆವೃತ್ತಿ ಇರುವುದಿಲ್ಲ, ಜಿಲ್ಲಾ ಮಟ್ಟದವಕ್ಕಂತೂ ಇಲ್ಲವೇ ಇಲ್ಲ ಎನ್ನಬಹುದು. ಪದವಿಯ ಮೊದಲ ವರ್ಷದಲ್ಲೇ ದಿನಕ್ಕೆ ಅರ್ಧ ತಾಸು ಅಕ್ಷರ ತಿದ್ದಲು ಕೂರಿ.