ಪಟ್ಟಿ ಮೊದಲು, ಕುಸ್ತಿ ಆಮೇಲೆ

ತಮ್ಮಾ, ಶಿವರಾತ್ರಿ ಹೊತ್ತಿಗೆ ಔರಾದದ ಅಮರೇಶ್ವರ ಜಾತ್ರೆಗೆ ಹೋದರೆ ಜಂಗಿ ಕುಸ್ತಿ ನೋಡದೆ ಬರಬೇಡ. ತೆಂಗಿನಕಾಯಿ ಪಂದ್ಯದಿಂದ ಶುರುವಾಗಿ ಬೆಳ್ಳಿ ಕಡಗಕ್ಕೆ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಹಲಗಿ ಬಡಿತ ಕೇಳಿ ನಿನಗೂ ಲಂಗೋಟಿ ಕಟ್ಟುವ ಹುರುಪು ಬಂದೀತು. ಬರಲಿ, ಬೇಡ ಅನ್ನುವ ಮುದುಕ ನಾನಲ್ಲ. ನನ್ನ ಮಾತು ಕಣದಲ್ಲಿ ಬಿದ್ದು ಏಳದವನ ಕುರಿತು.

ಹರೆಯದಲ್ಲಿ ನನ್ನ ಜೋಡಿ ತಾಲೀಮು ಮಾಡುತ್ತಿದ್ದ ಗೆಳೆಯನೊಬ್ಬ ಭಾಲ್ಕಿಯ ಅಡತಿ ಅಂಗಡಿಯಲ್ಲಿ ಹಮಾಲ. ತೊಗರಿ ಚೀಲ ಹೊರುವ ಭುಜ. ಒಂದು ಜಾತ್ರೆಯಲ್ಲಿ ಎದುರಾಳಿ ಎತ್ತಿ ಒಗೆದಾಗ ಅದೇ ಭುಜದ ಮೇಲೆ ಬಿದ್ದು ಎಲುಬು ಮುರಿದುಕೊಂಡ. ಮೊದಲ ವಾರ ಮನೆ ತುಂಬ ಮಂದಿ, ಬಾಳೆಹಣ್ಣು. ಎರಡನೇ ತಿಂಗಳಿಗೆ ನಾನೂ ಆ ಓಣಿಗೆ ಹೋಗುವುದು ಬಿಟ್ಟಿದ್ದೆ. ಕಿರಾಣಿ ಉದ್ರಿ ತೀರಿಸಲು ಅವನ ಹೆಂಡತಿ ಕಿವಿಯ ಝುಮಕಿ ಒತ್ತೆ ಇಟ್ಟದ್ದು ನನಗೆ ತಿಳಿದದ್ದು ವರ್ಷದ ಮೇಲೆ, ಅದೂ ಪರರ ಬಾಯಿಂದ. ಇವತ್ತಿಗೂ ಆ ನಾಚಿಕೆ ಹೋಗಿಲ್ಲ.

ಈಗ ಕಾಲ ಸುಧಾರಿಸಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ: ಅಪಘಾತದಲ್ಲಿ ಸತ್ತರೆ ಇಲ್ಲವೆ ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಹೋದರೆ 2 ಲಕ್ಷ, ಒಂದು ಹೋದರೆ 1 ಲಕ್ಷ. ಆದರೆ ಮುರಿದ ಎಲುಬು ಕೂಡುವವರೆಗೆ ನಿಂತ ಕೂಲಿಯನ್ನು ಇವೆರಡೂ ಕೊಡುವುದಿಲ್ಲ. ಖಾಸಗಿ ಪಾಲಿಸಿಗಳಲ್ಲಂತೂ ಅಪಾಯದ ಆಟದಲ್ಲಿ ಆದ ಗಾಯವನ್ನು ಹೊರಗಿಡುವ ಷರತ್ತು ಎಷ್ಟೋ ಕಡೆ ಇರುತ್ತದೆ. ಓದದೆ ಸಹಿ ಹಾಕಬೇಡ.

ಹಾಗಾದರೆ ಆ ಕೂಲಿ ಯಾರು ಕೊಡಬೇಕು? ಕೊಲ್ಹಾಪುರದಲ್ಲಿ ಪೈಲ್ವಾನರನ್ನು ಸಾಕಿದ್ದು ಶಾಹೂ ಮಹಾರಾಜರು. 1912ರಲ್ಲಿ ಕಟ್ಟಿದ ಖಾಸಬಾಗ ಮೈದಾನ ಇನ್ನೂ ನಿಂತಿದೆ. ನಮ್ಮ ಹುಡುಗರಿಗೆ ರಾಜ ಎಲ್ಲಿಂದ ಬರಬೇಕು? ಇರುವುದು ಜಾತ್ರಾ ಕಮಿಟಿ. ಪಟ್ಟಿ ಎತ್ತುವಾಗ ಮಂಟಪಕ್ಕಿಷ್ಟು, ಹಲಗಿಯವರಿಗಿಷ್ಟು, ಗೆದ್ದವನಿಗಿಷ್ಟು ಅಂತ ಬರೆಯುತ್ತಾರೆ. ಬಿದ್ದವನ ಹೆಸರಿಗೆ ಆ ವಹಿಯಲ್ಲಿ ಸಾಲೇ ಇಲ್ಲ. ನೀವು ಹುಡುಗರು ಆ ಸಾಲು ಬರೆಸಬೇಕು, ಅದೂ ಮೊದಲ ಜೋಡಿ ಕಣಕ್ಕೆ ಇಳಿಯುವ ಮುಂಚೆ. ಬಿದ್ದ ಮೇಲೆ ಎತ್ತುವ ಪಟ್ಟಿ ಮರುಕ ಇರುವವರೆಗೆ ಮಾತ್ರ ನಡೆಯುತ್ತದೆ, ಮರುಕಕ್ಕೆ ಆಯುಷ್ಯ ಕಡಿಮೆ.

ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ, ದಾಸೋಹ ಅಂದರೇನು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಮಂಚ ಹಿಡಿದವನ ಫೋಟೊ ತೆಗೆದು, ಕೆಳಗೆ ಫೋನ್‌ಪೇ ನಂಬರು ಬರೆದು ಸ್ಟೇಟಸ್ ಇಡುವುದು ದಾಸೋಹವಲ್ಲ. ಜೋಳದ ಚೀಲ ರಾತ್ರಿ ಹೊತ್ತು ಹಿತ್ತಿಲ ಬಾಗಿಲಲ್ಲಿ ಇಳಿಸಿ ಬಾ. ಅವನ ಹೊಲ ಹರಗುವ ಕೆಲಸಕ್ಕೆ ನಾಲ್ಕು ಮಂದಿ ಪಾಳಿ ಹಚ್ಚಿ.

ಇನ್ನೊಂದು. ಕುತ್ತಿಗೆ ಮೇಲೆ ಬಿದ್ದವನನ್ನು ಬಗಲಲ್ಲಿ ಕೈಹಾಕಿ ಎಬ್ಬಿಸಬೇಡಿ, ಕುತ್ತಿಗೆ ಎಳೆದು ನೆಟ್ಟಗೆ ಮಾಡುವ ಉಸ್ತಾದನನ್ನು ಹತ್ತಿರ ಬಿಡಬೇಡಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಆ ಒಂದು ಎಳೆತಕ್ಕೆ ಕೈಕಾಲು ಹೋಗಬಹುದು. ತಲೆ ಅಲುಗದಂತೆ ಹಿಡಿದು 108ಕ್ಕೆ ಫೋನ್ ಹಚ್ಚಿ.

ಸುರಕ್ಷಾ ಬಿಮಾದ ವರ್ಷ ಮೇ 31ಕ್ಕೆ ಮುಗಿಯುತ್ತದೆ. ಖಾತೆಯಲ್ಲಿ 20 ರೂಪಾಯಿ ಇದೆಯೋ ಇಲ್ಲವೋ, ನಾಳೆಯೇ ಬ್ಯಾಂಕಿಗೆ ಹೋಗಿ ನೋಡಿಕೊಂಡು ಬಾ.